ಮಾಡಿಲ್ಲದ ಗಣಪತಿ, ಗೋಡೆ ಮೇಲಿನ ಜೇಡ

"ಕೊಕ್ಕಡ ಎಲ್ಲಿ ಬರ್ತದೆ?" ಅಂತ ಆಫೀಸಿನಲ್ಲಿ ಯಾರಾದರೂ ಕೇಳಿದರೆ, "ಸೌತಡ್ಕ ಗಣಪತಿ ಗೊತ್ತಲ್ವಾ, ಅದೇ ಊರು" ಅನ್ನುತ್ತೇನೆ. ಬೆಳ್ತಂಗಡಿ ತಾಲೂಕಿನ ನಮ್ಮ ಈ ಊರಿಗೆ, ಧರ್ಮಸ್ಥಳಕ್ಕೆ ಬಂದವರು ಹಾಗೇ ಒಂದು ಸುತ್ತು ಬಂದು ಹೋಗುತ್ತಾರೆ. ಈ ಗಣಪತಿಗೆ ಗುಡಿಯಿಲ್ಲ, ಮಾಡಿಲ್ಲ. ದನ ಕಾಯುವ ಹುಡುಗರು ತಮಗೆ ಸಿಕ್ಕಿದ ಮೂರ್ತಿಯನ್ನು ಇಲ್ಲಿಟ್ಟು ಸೌತೆಕಾಯಿ ನೈವೇದ್ಯ ಮಾಡುತ್ತಿದ್ದರಂತೆ, ಅದಕ್ಕೇ ಆ ಹೆಸರು. ಸುತ್ತ ಹರಕೆ ಗಂಟೆಗಳ ಸಾಲು.

ಕ್ಯಾಮೆರಾ ಹಿಡಿದವರಿಗೆ ಇದು ಹಬ್ಬ. ಮಾಡಿಲ್ಲದ ಕಾರಣ ಬೆಳಕು ಹೊತ್ತಿಗೊಂದು ಥರ. ಮಳೆಗಾಲದಲ್ಲಿ ಗಂಟೆಗಳ ಅಂಚಿನಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಆದರೂ ಹೆಚ್ಚಿನವರ ಫೋನಿನಲ್ಲಿ ಒಂದೇ ಫೋಟೋ: ಹಿಂದೆ ಮಸುಕಾದ ಗಂಟೆಗಳು, ಮುಂದೆ ನಗುಮುಖ. ಎರಡು ನಿಮಿಷದ ಕೆಲಸ.

ಅದನ್ನು ನೋಡುವಾಗೆಲ್ಲ ನನಗೆ ವಿಹಾನ್ ತಾಳ್ಯ ವಿಕಾಸ್ ನೆನಪಾಗುತ್ತಾನೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್ ಸ್ಪರ್ಧೆಗೆ 2023ರಲ್ಲಿ 95 ದೇಶಗಳಿಂದ 49,957 ಚಿತ್ರಗಳು ಬಂದಿದ್ದವು. 10 ವರ್ಷದೊಳಗಿನವರ ವಿಭಾಗದಲ್ಲಿ ಗೆದ್ದದ್ದು ಬೆಂಗಳೂರಿನ ಈ ಹುಡುಗ. ಹುಲಿಯಲ್ಲ, ಆನೆಯಲ್ಲ, ಅವನು ತೆಗೆದದ್ದು ಒಂದು ಜೇಡದ ಚಿತ್ರ. ಗೋಡೆಯ ಮೇಲೆ ಕೊಳಲೂದುವ ಕೃಷ್ಣನ ಕೆತ್ತನೆ, ಅಲ್ಲೇ ಜೇಡ. ಜಾಗ ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪು. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆಯಾದ ತೋಪು ಅದು. ನಾವು ಏರ್‌ಪೋರ್ಟಿಗೆ ಓಡುವ ದಾರಿಯಿಂದ ತುಂಬಾ ದೂರವೇನಿಲ್ಲ, ಮಾರಾಯ್ರೆ!

ಬೆಂಗಳೂರಿನವರೇ ಆದ ಗಣೇಶ್ ಎಚ್. ಶಂಕರ್ 2016ರಲ್ಲಿ ಅದೇ ಸ್ಪರ್ಧೆಯ ಪಕ್ಷಿ ವಿಭಾಗ ಗೆದ್ದರು. ಭರತಪುರದಲ್ಲಿ ಗಿಳಿಗಳ ಪೊಟರೆಗೆ ಉಡವೊಂದು ನುಗ್ಗಿ ಕೂತಿದೆ. ಗಿಳಿ ಅದರ ಬಾಲ ಕಚ್ಚಿ ಎಳೆಯುತ್ತಿದೆ. ಆ ಜಗಳ ಎರಡು ದಿನ ನಡೆಯಿತು. ನಮ್ಮ ಕಣ್ಣಿಗೆ ಬಿದ್ದದ್ದು ಅದರ ಒಂದು ಕ್ಷಣ ಅಷ್ಟೇ.

ಇಂಥ ಚಿತ್ರ ವಾಟ್ಸಾಪಿನಲ್ಲಿ ಬಂದರೆ "ಸೂಪರ್" ಅಂತ ಟೈಪ್ ಮಾಡಿ ಮುಂದೆ ಹೋಗುತ್ತೇವೆ. ಈಗಂತೂ ಕೃಷ್ಣ, ಜೇಡ, ಹಳೇ ಗೋಡೆ ಅಂತ ಬರೆದುಕೊಟ್ಟರೆ ಎಐ ಕ್ಷಣದಲ್ಲಿ ಚಿತ್ರ ಮಾಡಿಕೊಡುತ್ತದೆ. ಸಾಫ್ಟ್‌ವೇರಿನಲ್ಲೇ ಹೊಟ್ಟೆ ಹೊರೆಯುವ ನನಗೆ ಅದೇನೂ ಪವಾಡವಲ್ಲ. ಆದರೆ ಆ ಚಿತ್ರಕ್ಕಾಗಿ ಯಾರೂ ಎಲ್ಲೂ ನಿಂತಿರುವುದಿಲ್ಲ. ಸ್ಪರ್ಧೆಯವರು ಅಂತಿಮ ಸುತ್ತಿಗೆ ಬಂದವರಿಂದ ಕ್ಯಾಮೆರಾದ ಮೂಲ ರಾ ಫೈಲ್ ಕೇಳುವುದು ಸುಮ್ಮನೆ ಅಲ್ಲ. 2009ರಲ್ಲಿ ಗೆದ್ದ ತೋಳದ ಚಿತ್ರದಲ್ಲಿದ್ದದ್ದು ಪಳಗಿಸಿದ ತೋಳ ಎಂಬ ತೀರ್ಮಾನಕ್ಕೆ ಬಂದು ಪ್ರಶಸ್ತಿಯನ್ನೇ ವಾಪಸ್ ಪಡೆದಿದ್ದರು. ಅವರು ಮೆಚ್ಚುವುದು ಅಂದವನ್ನು ಮಾತ್ರವಲ್ಲ, ಸಾಕ್ಷಿಯನ್ನೂ.

ಸಾಕ್ಷಿಯ ಬೆಲೆ ಕೊಕ್ಕಡಕ್ಕೆ ಚೆನ್ನಾಗಿ ಗೊತ್ತು. ಇಲ್ಲಿನ ಗುಡ್ಡೆಗಳ ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸಿಂಪಡಿಸಿದ ಕಾಲವೊಂದಿತ್ತು. ಕೊಕ್ಕಡ, ಪಟ್ರಮೆ, ನಿಡ್ಲೆಯ ಎಷ್ಟೋ ಮನೆಗಳು ಇವತ್ತಿಗೂ ಅದರ ನೋವು ಉಣ್ಣುತ್ತಿವೆ. ಸುಪ್ರೀಂ ಕೋರ್ಟ್ ಆ ವಿಷವನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಹೊರಗಿನ ನನ್ನ ಗೆಳೆಯರು ಇದನ್ನು ನಂಬಿದ್ದು ಅಂಕಿಅಂಶ ಓದಿ ಅಲ್ಲ, ಪತ್ರಿಕೆಗಳಲ್ಲಿ ಬಂದ ಫೋಟೋಗಳನ್ನು ನೋಡಿ. ಯಾರೋ ಛಾಯಾಗ್ರಾಹಕರು ಆ ಅಂಗಳಗಳ ತನಕ ನಡೆದು ಬಂದಿದ್ದರು. ನಾಳೆ ಯಾವ ಫೋಟೋವನ್ನೂ ನಂಬದ ಕಾಲ ಬಂದರೆ ಇಂಥ ಮನೆಗಳ ಮಾತನ್ನು ಕೇಳುವವರು ಯಾರು?

ಆದ್ದರಿಂದ ಜೊತೆಯ ಫೋಟೋಗ್ರಾಫರ್ ಯಾರಿಗಾದರೂ ಬಹುಮಾನ ಬಂದರೆ ಈಗ ನಾನು ಲೆನ್ಸ್ ಯಾವುದು ಅಂತ ಕೇಳುವುದಿಲ್ಲ. "ಅಲ್ಲಿ ಎಷ್ಟು ಹೊತ್ತು ನಿಂತಿದ್ದಿರಿ?" ಅಂತ ಕೇಳುತ್ತೇನೆ. ನೀವೂ ಕೇಳಿ ನೋಡಿ; ಉತ್ತರ ಕೇಳಿದ ಮೇಲೆ ಅದೇ ಫೋಟೋವನ್ನು ಇನ್ನೊಮ್ಮೆ ನೋಡಬೇಕು ಅನಿಸದಿದ್ದರೆ ಹೇಳಿ.