ಏಜೆನ್ಸಿಗೆ ದುಡ್ಡು ಕಟ್ಟಬೇಕಾ?

ಹೋದ ವಾರ ಊರಿನಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. ಈ ವರ್ಷವಷ್ಟೇ ಡಿಗ್ರಿ ಮುಗಿಸಿದ್ದಾನೆ. ‘ಅಣ್ಣಾ, ಬೆಂಗಳೂರಿನ ಏಜೆನ್ಸಿಯವರು ಕೆಲಸ ಪಕ್ಕಾ ಅಂತಿದಾರೆ. ಮೊದಲು ರಿಜಿಸ್ಟ್ರೇಷನ್‌ಗೆ 2,500 ಹಾಕಬೇಕಂತೆ. ಹಾಕ್ಲಾ?’

ಫೋನ್ ಸ್ಪೀಕರ್‌ನಲ್ಲಿತ್ತು. ರೂಮಿನಲ್ಲಿದ್ದ ನಾವು ಮೂವರೂ ಒಟ್ಟಿಗೇ ‘ಬೇಡ’ ಅಂದೆವು. ಅಷ್ಟು ಜೋರಾಗಿ ಹೇಳಲು ನಮಗೆ ಕಾರಣವಿತ್ತು.

2023ರಲ್ಲಿ ಪತ್ರಿಕೋದ್ಯಮ ಓದು ಮುಗಿಸಿ ನಾವು ಮೂವರು ಚಳ್ಳಕೆರೆಯಿಂದ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಬಂದೆವು. ಪತ್ರಿಕೆ, ಚಾನೆಲ್ ಎಲ್ಲ ಕಡೆ ಬಯೋಡೇಟಾ ಕೊಟ್ಟಾಯಿತು. ‘ಆರು ತಿಂಗಳು ಸಂಬಳ ಇಲ್ಲದೆ ಕಲಿಯಿರಿ, ಆಮೇಲೆ ನೋಡೋಣ’ ಎಂದವರೇ ಹೆಚ್ಚು. ಲಗ್ಗೆರೆಯ ರೂಮಿನ ಬಾಡಿಗೆ ಆರು ತಿಂಗಳು ಕಾಯುವುದಿಲ್ಲ. ಅಂಥ ಹೊತ್ತಿನಲ್ಲಿ ಮೆಜೆಸ್ಟಿಕ್‌ನಲ್ಲಿ ಒಬ್ಬ ಕೈಗೆ ಪಾಂಪ್ಲೆಟ್ ಕೊಟ್ಟ. ಡೇಟಾ ಎಂಟ್ರಿ, ಬ್ಯಾಕ್ ಆಫೀಸ್, ತಕ್ಷಣ ಕೆಲಸ ಎಂದಿತ್ತು.

ಮಹಡಿ ಮೇಲೆ ಒಂದೇ ಕೋಣೆ, ಒಂದು ಟೇಬಲ್ಲು, ಸಾಲಾಗಿ ನಿಂತ ನಮ್ಮಂಥ ಹುಡುಗರು. ಐ.ಡಿ. ಕಾರ್ಡಿಗೆ, ವೆರಿಫಿಕೇಷನ್‌ಗೆ ಅಂತ ತಲೆಗೆ 3,000 ರೂಪಾಯಿ. ನಮ್ಮಲ್ಲೊಬ್ಬನ ಅಪ್ಪ ಸಂತೆ ದಿನಕ್ಕೂ ಕಾಯದೆ, ಮನೆ ಬಾಗಿಲಿಗೆ ಬಂದ ವ್ಯಾಪಾರಿಗೆ ಅವನು ಹೇಳಿದ ಬೆಲೆಗೇ ಒಂದು ಕುರಿಮರಿ ಮಾರಿ ದುಡ್ಡು ಕಳಿಸಿದರು. ‘ನಾಡಿದ್ದು ಕರೀತೀವಿ’ ಅಂದರು ಆಫೀಸಿನವರು. ಹತ್ತು ದಿನ ಬಿಟ್ಟು ಹೋದರೆ ಬಾಗಿಲಿಗೆ ಬೀಗ, ನಂಬರ್ ಸ್ವಿಚ್ ಆಫ್.

ನಾವು ಪೊಲೀಸ್ ಸ್ಟೇಷನ್ನಿಗೆ ಹೋಗಲಿಲ್ಲ. ನಾಚಿಕೆಯಾಯಿತು. ಮೋಸ ಹೋಗಬೇಡಿ ಅಂತ ಜನರಿಗೆ ಬರೆಯಬೇಕಾದವರು ನಾವು. ಮನೆಗೆ ಮಾತ್ರ ‘ಕೆಲಸ ಸಿಕ್ಕಿತು’ ಅಂದೆವು.

ನಿಜವಾದ ಕೆಲಸ ಸಿಕ್ಕಿದ್ದೂ ಏಜೆನ್ಸಿಯಿಂದಲೇ. ಕಾಲೇಜಿನ ಸೀನಿಯರ್ ಅಕ್ಕ ಒಬ್ಬರು ಬೇರೊಂದು ಏಜೆನ್ಸಿಯ ವಿಳಾಸ ಕಳಿಸಿದರು. ಅಲ್ಲಿ ಕನ್ನಡ ಟೈಪ್ ಮಾಡಿಸಿ ನೋಡಿದರು, ಆಡಿಯೊ ಕೇಳಿಸಿ ಬರೆಸಿದರು. ಒಂದು ಪೈಸೆ ಕೇಳಲಿಲ್ಲ. ‘ಫೀಸು ಎಷ್ಟು?’ ಅಂತ ನಾವೇ ಕೇಳಿದಾಗ ಅಲ್ಲಿದ್ದವರು ನಕ್ಕು, ‘ಅದನ್ನ ಕಂಪನಿ ಕೊಡುತ್ತೆ’ ಅಂದರು. ಈ ವ್ಯವಹಾರ ಏನೆಂದು ನಮಗೆ ಅರ್ಥವಾದದ್ದು ಆಗ. ಕಂಪನಿಗೆ ಜನ ಬೇಕು, ಏಜೆನ್ಸಿ ಹುಡುಕಿ ಕೊಡುತ್ತದೆ, ಕಮಿಷನ್ ಕಂಪನಿಯಿಂದ ಪಡೆಯುತ್ತದೆ. ಇದು ಸಣ್ಣ ವ್ಯಾಪಾರವೇನಲ್ಲ. ಟೀಮ್‌ಲೀಸ್, ಕ್ವೆಸ್‌ನಂಥ ದೊಡ್ಡ ಸಂಸ್ಥೆಗಳು ಬೆಂಗಳೂರಿನಿಂದಲೇ ದೇಶದ ಲಕ್ಷಾಂತರ ಜನರ ಸಂಬಳ ನಡೆಸುತ್ತವೆ. ಕೆಲಸ ಕೇಳಿಕೊಂಡು ಬಂದವರ ಜೇಬಿಗೇ ಕೈ ಹಾಕುವವರ ಹತ್ತಿರ ಕೊಡಲು ಕೆಲಸವೇ ಇರುವುದಿಲ್ಲ.

ನಮ್ಮ ಕೆಲಸ, ಕನ್ನಡದ ಧ್ವನಿಮುದ್ರಣಗಳನ್ನು ಕೇಳಿ ಅಕ್ಷರಕ್ಕೆ ಇಳಿಸುವುದು. ಬೆಂಗಳೂರಿನವರಿಗೆ ಅರ್ಥವಾಗದ ಹಳ್ಳಿ ಮಾತು ನಮಗೆ ಸಲೀಸು. ಕಾಲೇಜಿನಲ್ಲಿ ಹಿಂಜರಿಕೆ ತಂದಿದ್ದ ಭಾಷೆಯೇ ಇಲ್ಲಿ ಅನ್ನ ಕೊಟ್ಟಿತು.

ಸಂಬಳ 20,000 ಅಂದಿದ್ದರು. ಮೊದಲ ತಿಂಗಳು ಖಾತೆಗೆ ಬಂದದ್ದು 15,550. ಇನ್ನೊಂದು ಮೋಸವೇ ಅಂತ ಎದೆ ಧಸಕ್ಕೆಂದಿತು. ಪೇ ಸ್ಲಿಪ್ ಹಿಡಿದು ಕೂತು ಲೆಕ್ಕ ಹಾಕಿದೆವು. ಕಂಪನಿ ಕಟ್ಟುವ ಪಿ.ಎಫ್. ಮತ್ತು ಅದರ ಇತರ ಖರ್ಚು 1,950, ಇ.ಎಸ್.ಐ. 568. ನಮ್ಮ ಪಾಲಿನ ಪಿ.ಎಫ್. 1,800, ಇ.ಎಸ್.ಐ. 132. ಎಲ್ಲವೂ ಆ 20,000ದ ಒಳಗೇ. ಇದನ್ನು ‘ಸಿ.ಟಿ.ಸಿ.’ ಅನ್ನುತ್ತಾರೆ. ಹಾಗಾಗಿ ಯಾರಾದರೂ ಸಂಬಳ ಹೇಳಿದರೆ ‘ಕೈಗೆಷ್ಟು ಬರುತ್ತೆ?’ ಅಂತಲೇ ಕೇಳಿ. ಕಡಿತವೆಲ್ಲ ನಷ್ಟವೂ ಅಲ್ಲ. ನಮ್ಮಲ್ಲೊಬ್ಬನಿಗೆ ಡೆಂಗಿ ಬಂದಾಗ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಚಿಕಿತ್ಸೆಯಾಯಿತು.

ಹನ್ನೊಂದು ತಿಂಗಳಾದ ಮೇಲೆ ಒಂದು ಶುಕ್ರವಾರ ಸಂಜೆ ವಾಟ್ಸಾಪ್‌ನಲ್ಲಿ ಮೆಸೇಜ್ ಬಂತು. ಪ್ರಾಜೆಕ್ಟ್ ಮುಗಿದಿದೆ, ಸೋಮವಾರದಿಂದ ಬರಬೇಡಿ. ಪಕ್ಕದ ಕುರ್ಚಿಯ ಕಾಯಂ ನೌಕರ ಅಲ್ಲೇ ಉಳಿದ, ನಾವು ಎದ್ದು ಬಂದೆವು. ನಾವು ದುಡಿದದ್ದು ಆ ಕಂಪನಿಗಾದರೂ ಕಾಗದದಲ್ಲಿ ನಾವು ಅಲ್ಲಿಯವರಾಗಿರಲಿಲ್ಲ.

ಮುಂದಿನ ಕೆಲಸ ಮತ್ತೊಂದು ಏಜೆನ್ಸಿಯಿಂದ ಸಿಕ್ಕಿತು. ಅಲ್ಲಿ ನಾಲ್ಕು ತಿಂಗಳು ಪಿ.ಎಫ್. ಹಿಡಿದಿದ್ದರು. ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆರೆದರೆ ಎರಡೇ ತಿಂಗಳ ದುಡ್ಡು. ಪ್ರತಿ ತಿಂಗಳ ಪಿ.ಎಫ್. ಮರುತಿಂಗಳ 15ರೊಳಗೆ ಜಮಾ ಆಗಬೇಕು. ಏಜೆನ್ಸಿಗೆ ಕೇಳಿದರೆ ‘ಆಗುತ್ತೆ, ಆಗುತ್ತೆ’. ಈ ಸಲ ನಾವು ನಾಚಿಕೆಪಟ್ಟು ಸುಮ್ಮನಿರಲಿಲ್ಲ. ಪೇ ಸ್ಲಿಪ್ ಸಮೇತ ಪಿ.ಎಫ್. ಇಲಾಖೆಗೆ ಆನ್‌ಲೈನ್ ದೂರು ಹಾಕಿದೆವು. ಅದರ ಪ್ರತಿಯನ್ನು ನಾವು ಕೂತು ಕೆಲಸ ಮಾಡುತ್ತಿದ್ದ ಕಂಪನಿಯ ಎಚ್.ಆರ್.ಗೂ ಕಳಿಸಿದೆವು. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಕಂಪನಿಯೇ ಕೊಡಬೇಕು ಎಂಬ ನಿಯಮ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಕಾಲದಿಂದಲೂ ಇದೆ. ಪಿ.ಎಫ್.ಗೂ ಆ ಹೊಣೆ ತಪ್ಪಿದ್ದಲ್ಲ. ಮೂರು ವಾರದಲ್ಲಿ ಬಾಕಿ ಎರಡು ತಿಂಗಳದೂ ಜಮಾ ಆಯಿತು.

ಅದಕ್ಕೇ ಊರಿನ ಹುಡುಗನಿಗೆ ಇಷ್ಟು ಹೇಳಿದೆವು. ದುಡ್ಡು ಕೇಳಿದರೆ ಎದ್ದು ಬಾ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರ ಹತ್ತಿರವೂ ಬಿಡಬೇಡ. ಆರ್ಡರ್ ಕಾಗದದಲ್ಲಿ ಯಾರ ಹೆಸರಿದೆ, ಎಷ್ಟು ತಿಂಗಳಿಗೆ ಅಂತಿದೆ ಓದು. ಹನ್ನೆರಡು ಅಂಕಿಯ ಯು.ಎ.ಎನ್. ನಂಬರ್ ಬರೆದಿಟ್ಟುಕೋ. ಏಜೆನ್ಸಿ ಬದಲಾದರೂ ಅದು ಬದಲಾಗುವುದಿಲ್ಲ, ಹೊಸ ಕಡೆ ಅದನ್ನೇ ಕೊಡು. ತಿಂಗಳಿಗೊಮ್ಮೆ ಪಾಸ್‌ಬುಕ್ ನೋಡು. ಕೇಂದ್ರ ಸರ್ಕಾರದ ಎನ್.ಸಿ.ಎಸ್. ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಲು ಕಾಸು ಬೇಕಿಲ್ಲ, ಅಲ್ಲೂ ಹಾಕಿಡು.

ಈ ಬರಹ ಊರಿನ ಫೋನುಗಳಿಗೂ ಹೋಗುತ್ತದೆ. ಆದ್ದರಿಂದ ಮೊದಲೇ ಕುರಿಮರಿ ಮಾರಿದ ಆ ಅಪ್ಪನಿಗೆ ಫೋನ್ ಮಾಡಿ, ಅವತ್ತಿನ ದುಡ್ಡು ಏನಾಯಿತು ಅಂತ ಇದ್ದದ್ದು ಇದ್ದಂತೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ‘ಅವತ್ತೇ ಹೇಳಬೇಕಿತ್ತು ಕಣ್ರಪ್ಪ’ ಅಂದರು. ‘ಹೇಳಿದ್ರೆ ನಮ್ಮ ಓಣಿಯ ಇನ್ನಿಬ್ಬರು ಹುಡುಗರು ಹೋಗಿ ದುಡ್ಡು ಕಟ್ತಿರಲಿಲ್ಲ.’

ಅದಕ್ಕೆ ನಮ್ಮ ಹತ್ತಿರ ಉತ್ತರವಿರಲಿಲ್ಲ. ತಡವಾಗಿಯಾದರೂ ಬರೆದಿದ್ದೇವೆ. ಮನೆಯಲ್ಲಿ ಡಿಗ್ರಿ ಮುಗಿಸಿದವರಿದ್ದರೆ ಓದಿ ಹೇಳಿ.