ಎತ್ತಿನ ಹಲ್ಲು, ಗ್ರೇಡರಿನ ಹಲ್ಲು

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದವರು ಬಲ್ಲರು. ಎತ್ತಿನ ಜೋಡಿಗೆ ಕೊಂಬು ಸವರಿ, ಗೆಜ್ಜೆ ಕಟ್ಟಿ, ಎಷ್ಟೇ ಸಿಂಗಾರ ಮಾಡಿ ನಿಲ್ಲಿಸಿದ್ದರೂ ಅನುಭವಸ್ಥ ರೈತ ಮೊದಲು ನೋಡುವುದು ಬಾಯನ್ನು. ತುಟಿ ಎತ್ತಿ ಹಲ್ಲು ಎಣಿಸುತ್ತಾನೆ. ಎರಡು ಹಲ್ಲೋ, ನಾಲ್ಕೋ, ಆರೋ, ಬಾಯಿಗೂಡಿದೆಯೋ ಎಂದು ಲೆಕ್ಕ ಹಾಕುತ್ತಾನೆ. ಆಮೇಲೆ ಸುಳಿ, ಗೊರಸು, ನಡಿಗೆ. ಕೊನೆಗೆ ಗಾಡಿಗೆ ಕಟ್ಟಿ ಹೊಡೆದು ನೋಡುತ್ತಾನೆ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುವುದು ಇದೆಲ್ಲ ಆದ ಮೇಲೆಯೇ.

ಮಧುಗಿರಿ ಕಡೆಯ ಒಬ್ಬ ಸಣ್ಣ ಗುತ್ತಿಗೆದಾರರು ಚಿಕ್ಕಂದಿನಲ್ಲಿ ತಂದೆಯ ಕೈ ಹಿಡಿದು ಆ ಜಾತ್ರೆಯಲ್ಲಿ ಓಡಾಡಿದವರೇ. ಆದರೆ 2019ರ ಫೆಬ್ರುವರಿಯಲ್ಲಿ ಹಳೆಯ ಮೋಟಾರ್ ಗ್ರೇಡರ್ ಒಂದನ್ನು ಕೊಳ್ಳಲು ಹೊರಟಾಗ, ಅವರು ಹಲ್ಲು ನೋಡುವ ಮುಂಚೆಯೇ ಬೆಲೆ ಮಾತಾಡಿ, 50 ಸಾವಿರ ರೂಪಾಯಿ ಮುಂಗಡ ಕೊಟ್ಟು ಮನೆಗೆ ಬಂದಿದ್ದರು. ಹಳದಿ ಬಣ್ಣ ಫಳಫಳ ಹೊಳೆಯುತ್ತಿತ್ತು. ಗಂಟೆ ತೋರಿಸುವ ಮೀಟರಿನಲ್ಲಿ 6,200 ಮಾತ್ರ ಇತ್ತು. ಬೆಲೆ 22 ಲಕ್ಷ.

ಆ 22 ಲಕ್ಷದಲ್ಲಿ ಹೆಚ್ಚಿನ ಪಾಲು ಜಮೀನಿನ ಮೇಲಿನ ಸಾಲ. ಉಳಿದದ್ದು ಮಗನ ಓದಿಗೆಂದು ಕೂಡಿಟ್ಟ ಹಣ. ಹುಡುಗ ತುಮಕೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದ. ಮುಂದೆ ನೇರವಾಗಿ ಎರಡನೇ ವರ್ಷದ ಬಿ.ಇ.ಗೆ ಸೇರಬೇಕೆಂಬ ಆಸೆ ಅವನಿಗೆ. ‘ಸ್ವಂತ ಗ್ರೇಡರ್ ಇದ್ದರೆ ಬಾಡಿಗೆ ಉಳಿಯುತ್ತೆ. ನಿನ್ನ ಫೀಜು ಅದೇ ದುಡಿದುಕೊಡುತ್ತೆ’ ಎಂಬುದು ತಂದೆಯ ವಾದ. 2000ದ ಡಿಸೆಂಬರ್ 25ರಂದು ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ಆರಂಭವಾದ ಮೇಲೆ ಹಳ್ಳಿ ರಸ್ತೆಗಳ ಕೆಲಸವನ್ನೇ ನಂಬಿ ಬದುಕು ಕಟ್ಟಿಕೊಂಡವರು ಅವರು. ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ.

ಆ ಸಂಜೆ ಮನೆಗೆ ಬಂದವರು ಗುತ್ತಿಗೆದಾರರ ದೊಡ್ಡಪ್ಪನ ಮಗ. ಲೋಕೋಪಯೋಗಿ ಇಲಾಖೆಯಲ್ಲಿ 26 ವರ್ಷ ಗ್ರೇಡರ್ ನಡೆಸಿ ನಿವೃತ್ತರಾದವರು. ಹುಡುಗನಿಗೆ ದೊಡ್ಡಪ್ಪ. ಕಾಫಿ ಕುಡಿದು ಲೋಟ ಕೆಳಗಿಡುತ್ತಾ ಅವರು ಕೇಳಿದ್ದು ಒಂದೇ ಮಾತು.

‘ಮುಂಗಡಾನೂ ಕೊಟ್ಟಾಯ್ತು. ಹಲ್ಲು ನೋಡಿದ್ಯೇನಪ್ಪಾ?’

‘ಯಂತ್ರಕ್ಕೆ ಎಲ್ಲಿಯ ಹಲ್ಲು ಅಣ್ಣ?’

‘ಐತೆ. ನಾಳೆ ತೋರಿಸ್ತೀನಿ ನಡಿ.’

ಗ್ರೇಡರನ್ನು ಎತ್ತಿಗೆ ಹೋಲಿಸುವುದು ಬರೀ ತಮಾಷೆಯಲ್ಲ. ರಸ್ತೆ ಸಮ ಮಾಡುವ ಮೊದಲ ಗ್ರೇಡರುಗಳನ್ನು ಎಳೆಯುತ್ತಿದ್ದುದು ಪ್ರಾಣಿಗಳೇ. ಅಮೆರಿಕದ ಜೆ.ಡಿ. ಆಡಮ್ಸ್ 1885ರಲ್ಲಿ ಚಕ್ರಗಳನ್ನು ಓರೆಯಾಗಿ ಬಾಗಿಸಬಲ್ಲ ಗ್ರೇಡರನ್ನು ರೂಪಿಸಿದಾಗ ಅದಕ್ಕೆ ಎಂಜಿನ್ ಇರಲಿಲ್ಲ. ಓರೆ ಬ್ಲೇಡು ಮಣ್ಣನ್ನು ಒಂದು ಪಕ್ಕಕ್ಕೆ ತಳ್ಳಿದರೆ ಮಣ್ಣು ಗಾಡಿಯನ್ನು ಇನ್ನೊಂದು ಪಕ್ಕಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೇ ನಿಯಮ. ಚಕ್ರ ಬಾಗಿಸಿದರೆ ಆ ತಳ್ಳುವಿಕೆಯನ್ನು ತಡೆದು ನೇರ ಹೋಗಬಹುದು. ಇಂದಿನ ಗ್ರೇಡರಿನ ಮುಂಚಕ್ರಗಳು ಕುಡಿದವನ ಹಾಗೆ ವಾಲಿಕೊಂಡು ಹೋಗುವುದು ಇದೇ ಕಾರಣಕ್ಕೆ. ಮಿನಿಯಾಪೊಲಿಸ್‌ನ ರಸೆಲ್ ಕಂಪನಿಯನ್ನು 1928ರಲ್ಲಿ ಕೊಂಡ ಕ್ಯಾಟರ್‌ಪಿಲ್ಲರ್, 1931ರಲ್ಲಿ ತಾನೇ ಚಲಿಸುವ ‘ಆಟೋ ಪಟ್ರೋಲ್’ ಗ್ರೇಡರನ್ನು ತಂದಿತು. ನಮ್ಮಲ್ಲಿ ಬಿಇಎಂಎಲ್ ಕೂಡ ಗ್ರೇಡರುಗಳನ್ನು ತಯಾರಿಸುತ್ತದೆ.

ಮರುದಿನ ಹತ್ತು ಗಂಟೆಗೆ ಮೂವರೂ ಬೆಂಗಳೂರು-ತುಮಕೂರು ಹೆದ್ದಾರಿಯ ಪಕ್ಕದ, ಹಳೆಯ ಯಂತ್ರಗಳ ಯಾರ್ಡಿಗೆ ಹೋದರು. ದೊಡ್ಡಪ್ಪ ಬಣ್ಣವನ್ನು ನೋಡಲಿಲ್ಲ. ನೇರವಾಗಿ ಹೋಗಿ ಎಂಜಿನ್ನಿನ ಮೇಲೆ ಅಂಗೈ ಇಟ್ಟರು. ಬೆಚ್ಚಗಿತ್ತು.

‘ನಾವು ಬರೋ ಮುಂಚೆ ಯಾಕೆ ಸ್ಟಾರ್ಟ್ ಮಾಡಿದ್ರಿ?’

‘ಬ್ಯಾಟರಿ ಚಾರ್ಜ್ ಆಗ್ಲಿ ಅಂತ ಯಜಮಾನ್ರೇ’ ಎಂದ ಯಾರ್ಡಿನವನು.

‘ಆಯ್ತು. ನಾಳೆ ಬೆಳಿಗ್ಗೆ ಆರೂವರೆಗೆ ಬರ್ತೀವಿ. ಅಲ್ಲಿವರೆಗೂ ಮುಟ್ಟಬೇಡಿ.’

ಡೀಸೆಲ್ ಎಂಜಿನ್ನಿಗೆ ಕಿಡಿಯಿಲ್ಲ. ಸಿಲಿಂಡರಿನ ಗಾಳಿಯನ್ನು ಒತ್ತಿ, ಆ ಒತ್ತಡದಿಂದ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಪಿಸ್ಟನ್ ರಿಂಗುಗಳು ಸವೆದಿದ್ದರೆ ಗಾಳಿ ಸೋರಿ ಒತ್ತಡ ಸಾಲುವುದಿಲ್ಲ. ಬೆಚ್ಚಗಿನ ಎಂಜಿನ್ ಹೇಗೋ ಹೊತ್ತಿಕೊಂಡು ಈ ದೋಷವನ್ನು ಮುಚ್ಚಿಡುತ್ತದೆ. ತಣ್ಣಗಿರುವಾಗ ಅದರ ಬಣ್ಣ ಬಯಲಾಗುತ್ತದೆ. ಹಳೆಯ ಯಂತ್ರ ಕೊಳ್ಳುವವನು ಬೆಳಗಿನ ಚಳಿಯಲ್ಲಿ ಹೋಗಬೇಕೆನ್ನುವುದು ಇದಕ್ಕೇ.

ಮರುದಿನ ಅದು ನಾಲ್ಕನೇ ಯತ್ನಕ್ಕೆ ಹೊತ್ತಿತು. ಮೊದಲು ಬಿಳಿ ಹೊಗೆ. ಐದಾರು ನಿಮಿಷದಲ್ಲಿ ಬಿಳಿ ಹೋಗಿ ನೀಲಿ ಉಳಿಯಿತು. ಸೈಲೆನ್ಸರಿನ ಹೊಗೆಗೂ ಒಂದು ಭಾಷೆಯಿದೆ. ಕಪ್ಪಾದರೆ ಗಾಳಿ ಕಡಿಮೆ, ಡೀಸೆಲ್ ಹೆಚ್ಚು. ಏರ್ ಕ್ಲೀನರ್ ಕಟ್ಟಿಕೊಂಡಿರಬಹುದು, ಇಂಜೆಕ್ಟರ್ ಕೆಟ್ಟಿರಬಹುದು. ನೀಲಿಯಾದರೆ ಎಂಜಿನ್ ಆಯಿಲೇ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೇ ಸಿಲಿಂಡರಿಗೆ ನೀರು ಇಳಿಯುತ್ತಿದೆ.

ಆಯಿಲ್ ತುಂಬುವ ಮುಚ್ಚಳ ತೆಗೆದಾಗ ಅಲ್ಲಿಂದ ಪುಸುಪುಸು ಹೊಗೆ ಬಂತು. ರಿಂಗು ದಾಟಿ ಕೆಳಗಿಳಿದ ಅನಿಲ ಅದು. ಡಿಪ್‌ಸ್ಟಿಕ್ಕಿನ ಆಯಿಲ್ ಮಾತ್ರ ಜೇನಿನಂತೆ ತಿಳಿಯಾಗಿತ್ತು. ಹುಡುಗ ಖುಷಿಪಟ್ಟ. ದೊಡ್ಡಪ್ಪ ನಕ್ಕರು. ‘ಕೆಲಸ ಮಾಡೋ ಡೀಸೆಲ್ ಎಂಜಿನ್ನಿನ ಆಯಿಲ್ ಕಪ್ಪಗಿರ್ಬೇಕು ಮಗಾ. ಇದು ನಿನ್ನೆ ಮೊನ್ನೆ ಹಾಕಿರೋದು. ಹೊಸ ಆಯಿಲ್ ಸಾಕ್ಷಿ ಹೇಳಲ್ಲ.’

ಇನ್ನು ಮೀಟರು. ಅದು 6,200 ಗಂಟೆ ಎಂದು ಹೇಳುತ್ತಿತ್ತು. ಆದರೆ ಯಂತ್ರ 2004ರದು. ವರ್ಷಕ್ಕೆ ಸಾವಿರ ಗಂಟೆ ದುಡಿದಿದ್ದರೂ 15 ಸಾವಿರ ಆಗಬೇಕು. ಕಾಲಿಡುವ ಪೆಡಲಿನ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿತ್ತು. ಲಿವರುಗಳ ಹಿಡಿ ನುಣ್ಣಗಾಗಿದ್ದವು. ಬಾಯಿಗೂಡಿದ ಎತ್ತಿನ ವಯಸ್ಸು ಹಲ್ಲಿನ ಎಣಿಕೆಯಿಂದ ತಿಳಿಯುವುದಿಲ್ಲ, ಸವಕಳಿಯಿಂದ ತಿಳಿಯಬೇಕು. ಮೀಟರನ್ನು ಬದಲಾಯಿಸಬಹುದು, ಸವಕಳಿಯನ್ನು ಬದಲಾಯಿಸಲು ಆಗುವುದಿಲ್ಲ.

ಆಮೇಲೆ ದೊಡ್ಡಪ್ಪ ಹೇಳಿದ್ದ ‘ಹಲ್ಲು’. ಗ್ರೇಡರಿನ ಬ್ಲೇಡು ಒಂದು ದೊಡ್ಡ ಹಲ್ಲಿನ ಚಕ್ರದ ಕೆಳಗೆ ತೂಗುತ್ತದೆ. ಇದಕ್ಕೆ ಸರ್ಕಲ್ ಎನ್ನುತ್ತಾರೆ. ಇದು ತಿರುಗಿದರೆ ಬ್ಲೇಡು ಓರೆಯಾಗುತ್ತದೆ. ಇಡೀ ಯಂತ್ರದ ಜೀವ ಇಲ್ಲಿದೆ.

ಇದನ್ನು ಅರಿಯಲು ಗ್ರೇಡರಿನ ಜಾಣ್ಮೆಯನ್ನು ತಿಳಿಯಬೇಕು. ಹಿಂದಿನ ನಾಲ್ಕು ಚಕ್ರಗಳು ಪಕ್ಕಕ್ಕೆ ಎರಡೆರಡರಂತೆ, ಮಕ್ಕಳ ಸೀಸಾ ಹಲಗೆಯಂತೆ ತೂಗಾಡುವ ಟ್ಯಾಂಡೆಮಿಗೆ ಸೇರಿವೆ. ಒಂದು ಚಕ್ರ 10 ಸೆಂ.ಮೀ. ಕಲ್ಲನ್ನು ಹತ್ತಿದರೆ ನಡುವಿನ ಬಿಂದು ಏಳುವುದು 5 ಸೆಂ.ಮೀ. ಮಾತ್ರ. ಬ್ಲೇಡು ಇರುವುದು ಮುಂಚಕ್ರಕ್ಕೂ ಹಿಂಚಕ್ರಗಳಿಗೂ ನಡುವೆ. ಹಾಗಾಗಿ ಅದಕ್ಕೆ ತಲುಪುವುದು ಆ 5ರಲ್ಲೂ ಒಂದು ಪಾಲು. ನೆಲದ ತಪ್ಪು ಬ್ಲೇಡಿಗೆ ಬರುವ ಹೊತ್ತಿಗೆ ಸಣ್ಣದಾಗುತ್ತದೆ. ಆದ್ದರಿಂದಲೇ ಏರುಪೇರಿನ ನೆಲದ ಮೇಲೆ ಓಡುತ್ತಲೇ ಅದು ನೆಲವನ್ನು ಸಮ ಮಾಡಬಲ್ಲದು.

ಆದರೆ ಯಂತ್ರದೊಳಗಿನ ತಪ್ಪಿನ ಕಥೆ ತಿರುಗುಮುರುಗು. ಹುಡುಗ ಬ್ಲೇಡನ್ನು ನೆಲದಿಂದ ಸ್ವಲ್ಪ ಎತ್ತಿಸಿ, ಎಂಜಿನ್ ನಿಲ್ಲಿಸಿ, ಮರದ ದಿಮ್ಮಿಗಳ ಆಸರೆ ಕೊಟ್ಟ ಮೇಲೆ, ಸರ್ಕಲ್ಲಿನ ಬಳಿ ಸ್ಟೀಲ್ ಸ್ಕೇಲ್ ಹಿಡಿದ. ದೊಡ್ಡಪ್ಪ ಹಾರೆಯಿಂದ ಮೀಟಿದರು. ಹಲ್ಲುಗಳ ನಡುವೆ ಮೆಕ್ಯಾನಿಕ್ಕರು ‘ಪ್ಲೇ’ ಎನ್ನುವ ಸಡಿಲ 10 ಮಿ.ಮೀ. ಇತ್ತು. ಸರ್ಕಲ್ಲಿನ ತ್ರಿಜ್ಯ ಸುಮಾರು 75 ಸೆಂ.ಮೀ. 12 ಅಡಿ ಬ್ಲೇಡಿನ ತುದಿ ನಡುವಿನಿಂದ 183 ಸೆಂ.ಮೀ. ದೂರ. ತ್ರೈರಾಶಿಕ ಹಾಕಿದರೆ ತುದಿಯಲ್ಲಿ ಸಡಿಲ 24 ಮಿ.ಮೀ. ಆಗಬೇಕು. ಅಳೆದಾಗ 26 ಬಂತು. ‘ಬ್ಲೇಡು ಜಾರೋ ಹಳಿನೂ ಸವೆದೈತೆ. ಅದರ ಪಾಲು ಸೇರ್ಕೊಂಡೈತೆ’ ಎಂದರು ದೊಡ್ಡಪ್ಪ. ಸರ್ಕಲ್ಲನ್ನು ಪೂರ್ತಿ ತಿರುಗಿಸಿ ನಾಲ್ಕು ಕಡೆ ಅಳೆಯಲು ಹೇಳಿದರು. ಹೆಚ್ಚು ದುಡಿದ ಕಡೆಯ ಹಲ್ಲು ಹೆಚ್ಚು ಸವೆದಿರುತ್ತದೆ. ಮಾರುವವನು ತೋರಿಸುವ ಒಂದೇ ಜಾಗವನ್ನು ಅಳೆದು ನಂಬಬಾರದು.

ರಸ್ತೆಯ ಜಲ್ಲಿ ತಳಪದರದ ಮಟ್ಟ ನಿಗದಿಗಿಂತ 10 ಮಿ.ಮೀ.ಗೂ ಹೆಚ್ಚು ಏರಿಳಿಯಬಾರದೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ನಿಯಮ. ಹೀಗೆ ಸಡಿಲವಾದ ಬ್ಲೇಡಿನಿಂದ ಆ ನಿಖರತೆ ಸಾಧಿಸುವುದು ಕಷ್ಟ. ಸರ್ಕಲ್ಲಿನ ಆಸರೆ ಪಟ್ಟಿಗಳು ಸವೆದಿದ್ದರೆ ಬದಲಾಯಿಸಿ ಬಿಗಿ ಮಾಡಬಹುದು. ಹಲ್ಲೇ ಸವೆದಿದ್ದರೆ ಖರ್ಚು ದೊಡ್ಡದು.

ಇನ್ನೂ ಮೂರು ಪರೀಕ್ಷೆ ಆದವು. ಬ್ಲೇಡನ್ನು ಮೇಲೆತ್ತಿ, ಯಾರೂ ಹತ್ತಿರ ಹೋಗದಂತೆ ನೋಡಿಕೊಂಡು, ಹೈಡ್ರಾಲಿಕ್ ರಾಡಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ ಹತ್ತು ನಿಮಿಷ ಬಿಟ್ಟರು. ಗುರುತು ತಾನಾಗಿ ಸರಿದರೆ ಒಳಗೆ ಆಯಿಲ್ ಸೋರುತ್ತಿದೆ ಎಂದರ್ಥ. ಇದರಲ್ಲಿ ಯಂತ್ರ ಪಾಸಾಯಿತು. ಎಲ್ಲ ಗೇರುಗಳಲ್ಲೂ ಮುಂದೆ ಹಿಂದೆ ಓಡಿಸಿದರು. ಬರೀ ಓಡಾಟವಲ್ಲ, ಮಣ್ಣಿಗೆ ಬ್ಲೇಡು ಇಳಿಸಿ ಭಾರ ಕೊಟ್ಟು. ಹಿಂದಕ್ಕೆ ಬದಲಾಯಿಸಿದಾಗ ಟ್ಯಾಂಡೆಮಿನಲ್ಲಿ ‘ಟಕ್’ ಎಂಬ ಸದ್ದು ಬಂತು. ಒಳಗಿನ ಚೈನು ಸಡಿಲವಾಗಿತ್ತು. ಕೊನೆಯದಾಗಿ ದೊಡ್ಡಪ್ಪ ಯಂತ್ರದ ನಡು ಬಾಗುವ ಕೀಲಿನ ಕೆಳಗೆ ಟಾರ್ಚ್ ಬಿಟ್ಟು, ಹೊಸ ಬಣ್ಣವನ್ನು ಉಗುರಿನಿಂದ ಕೆರೆದರು. ಒಂದು ಗೇಣು ಉದ್ದದ ವೆಲ್ಡಿಂಗ್ ಕಂಡಿತು.

‘ಹಳೇ ಗಾಡಿ ಅಂದ್ಮೇಲೆ ವೆಲ್ಡಿಂಗ್ ಇರಲ್ವಾ ಸಾರ್?’ ಎಂದ ಯಾರ್ಡಿನವನು.

‘ಇರುತ್ತೆ. ವೆಲ್ಡಿಂಗ್ ಮಾಡಿಸಿದ್ದು ತಪ್ಪಲ್ಲ. ಮುಚ್ಚಿಟ್ಟಿದ್ದು ತಪ್ಪು’ ಎಂದರು ದೊಡ್ಡಪ್ಪ.

ಹೆದ್ದಾರಿಯ ಚಹಾ ಅಂಗಡಿಯಲ್ಲಿ ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ‘ಬಿಟ್ರೆ 50 ಸಾವಿರ ಹೋಗುತ್ತಲ್ಲ’ ಎಂದರು.

ಹುಡುಗ ಮೆಲ್ಲಗೆ ಹೇಳಿದ: ‘ಅದು ಹೋಗಿ ಆಗಿದೆ ಅಪ್ಪ. ಈಗ ಯೋಚನೆ ಮಾಡಬೇಕಾದ್ದು ಇನ್ನೂ ಕೊಡದೆ ಇರೋ 21 ಲಕ್ಷದ 50 ಸಾವಿರದ ಬಗ್ಗೆ.’

ತಂದೆ ಮಗನ ಮುಖ ನೋಡಿದರು. ಮುಂಗಡ ಕೊಟ್ಟ ಮನುಷ್ಯ ಯಂತ್ರದಲ್ಲಿ ದೋಷ ಹುಡುಕಲು ಹೆದರುತ್ತಾನೆ; ಸಿಕ್ಕ ದೋಷಕ್ಕೂ ನೆಪ ಹುಡುಕುತ್ತಾನೆ. ಪ್ರಯೋಗಾಲಯದಲ್ಲಿ ಮೊದಲೇ ಉತ್ತರ ಬರೆದುಕೊಂಡು ರೀಡಿಂಗ್ ತಿದ್ದುವ ವಿದ್ಯಾರ್ಥಿಗೂ ಅವನಿಗೂ ವ್ಯತ್ಯಾಸವಿಲ್ಲ. ಗುತ್ತಿಗೆದಾರರು ಆ ದಿನ ರೀಡಿಂಗ್ ತಿದ್ದಲಿಲ್ಲ. ಚೌಕಾಸಿ ಮಾಡಿ 20 ಸಾವಿರ ವಾಪಸು ಪಡೆದು ಊರಿಗೆ ಮರಳಿದರು. ಆ ಬೇಸಿಗೆಯ ಕೆಲಸವನ್ನು ಬಾಡಿಗೆ ಗ್ರೇಡರಿನಲ್ಲೇ ಮುಗಿಸಿದರು.

ಅದೇ ವರ್ಷ ಅಕ್ಟೋಬರಿನಲ್ಲಿ ಚಿತ್ರದುರ್ಗದ ಕಡೆ ಇನ್ನೊಂದು ಸಿಕ್ಕಿತು. ಕೆಲಸ ನಿಲ್ಲಿಸುತ್ತಿದ್ದ ಗುತ್ತಿಗೆದಾರರೊಬ್ಬರದು. ಬಣ್ಣ ಮಾಸಿತ್ತು. ಮೀಟರಿನಲ್ಲಿ 11,400 ಗಂಟೆ. ಆದರೆ ಮಾಲೀಕರ ಬಳಿ ರಟ್ಟಿನ ಒಂದು ನೋಟ್‌ಬುಕ್ ಇತ್ತು. ಆಯಿಲ್ ಬದಲಾಯಿಸಿದ ದಿನ, ಹಾಕಿದ ಫಿಲ್ಟರ್, ಮಾಡಿಸಿದ ವೆಲ್ಡಿಂಗ್ ಎಲ್ಲವೂ ಅದರಲ್ಲಿ ದಾಖಲಾಗಿದ್ದವು. ತಣ್ಣನೆಯ ಎಂಜಿನ್ ಮೊದಲ ಯತ್ನಕ್ಕೇ ಹೊತ್ತಿತು. ಬಳಸಿದ ಆಯಿಲನ್ನು ಸಣ್ಣ ಸೀಸೆಯಲ್ಲಿ ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳಿಸಿದರು. ಮನುಷ್ಯನ ರಕ್ತ ಪರೀಕ್ಷೆಯಂತೆಯೇ ಇದು. ಕಬ್ಬಿಣ ಹೆಚ್ಚಿದ್ದರೆ ಲೈನರ್, ಗೇರುಗಳ ಸವೆತ. ತಾಮ್ರ ಹೆಚ್ಚಿದ್ದರೆ ಬೇರಿಂಗ್, ಬುಷ್. ಸಿಲಿಕಾನ್ ಹೆಚ್ಚಿದ್ದರೆ ಧೂಳು ಒಳಗೆ ಹೋಗುತ್ತಿದೆ ಎಂದರ್ಥ. ವರದಿ ಸಮಾಧಾನಕರವಾಗಿತ್ತು.

ದೋಷ ಇರಲಿಲ್ಲವೆಂದಲ್ಲ. ಸರ್ಕಲ್ಲಿನ ಪಟ್ಟಿಗಳು ಸವೆದಿದ್ದವು, ಒಂದು ಸಿಲಿಂಡರಿನ ಸೀಲು ಸೋರುತ್ತಿತ್ತು, ಆರರಲ್ಲಿ ಎರಡು ಟೈರು ಬೋಳಾಗಿದ್ದವು. ಹುಡುಗ ಒಂದೊಂದಕ್ಕೂ ಖರ್ಚು ವಿಚಾರಿಸಿ ಪಟ್ಟಿ ಮಾಡಿದ. ಅಷ್ಟನ್ನು ಬೆಲೆಯಲ್ಲಿ ಕಳೆದರು. ಎಂಜಿನ್, ಚಾಸಿ ನಂಬರುಗಳು ಆರ್‌ಸಿ ಪುಸ್ತಕದೊಂದಿಗೆ ತಾಳೆಯಾಗುತ್ತವೆಯೇ, ಬ್ಯಾಂಕಿನ ಸಾಲ ತೀರಿದೆಯೇ ಎಂದು ನೋಡಿದರು. 18 ಲಕ್ಷಕ್ಕೆ ವ್ಯಾಪಾರ ಮುಗಿಯಿತು. ಓದಿಗೆಂದು ಇಟ್ಟಿದ್ದ ಹಣವನ್ನು ಮುಟ್ಟಬೇಕಾಗಲಿಲ್ಲ.

ಎರಡನೇ ತಿಂಗಳಲ್ಲೇ ಅದರ ವಾಟರ್ ಪಂಪು ಕೆಟ್ಟು ನಾಲ್ಕು ದಿನ ಕೆಲಸ ನಿಂತಿತು. ಅದು ಯಾವ ಪರೀಕ್ಷೆಯಲ್ಲೂ ಕಂಡಿರಲಿಲ್ಲ. ಪರೀಕ್ಷೆ ಮಾಡಿದ ಮಾತ್ರಕ್ಕೆ ಯಂತ್ರ ಕೆಡುವುದೇ ಇಲ್ಲವೆಂದು ಯಾರೂ ಬರೆದುಕೊಡಲಾರರು. ದೋಷವೇ ಇಲ್ಲದ ಹಳೆಯ ಯಂತ್ರ ಎಲ್ಲೂ ಸಿಗದು. ಸಿಗಬಹುದಾದದ್ದು, ದೋಷಗಳು ಮೊದಲೇ ತಿಳಿದಿರುವ ಯಂತ್ರ. ತಿಳಿದ ದೋಷಕ್ಕೆ ಬೆಲೆ ಕಟ್ಟಬಹುದು. ತಿಳಿಯದ ದೋಷ ತನ್ನ ಬೆಲೆಯನ್ನು ತಾನೇ ವಸೂಲಿ ಮಾಡಿಕೊಳ್ಳುತ್ತದೆ.

ಹುಡುಗ ಬಿ.ಇ. ಮುಗಿಸಿದ. ರಟ್ಟಿನ ಆ ನೋಟ್‌ಬುಕ್ ತುಂಬಿ ಎರಡನೆಯದು ಶುರುವಾಗಿದೆ. ಅದರಲ್ಲಿ ಪ್ರತಿ ಸಂಜೆ ಮೀಟರಿನ ಗಂಟೆಯನ್ನು ಬರೆದಿಡುವವರು ಅವನ ತಂದೆ.