ಮೊದಲು ಕಾರ್ಯಶಾಲೆ, ಆಮೇಲೆ ಮನೆ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಡೆಲವೇರ್ ನದಿಯ ದಂಡೆಯ ಮೇಲೆ ನ್ಯೂ ಹೋಪ್ ಎಂಬ ಸಣ್ಣ ಊರೊಂದುಂಟು. ‘ಹೊಸ ಭರವಸೆ’ ಎಂಬುದು ಆ ಹೆಸರಿನ ಅರ್ಥ. ಊರಿನಿಂದಾಚೆ, ಮರಗಳ ನಡುವೆ, ದಕ್ಷಿಣಕ್ಕೆ ಇಳಿಯುವ ಗುಡ್ಡದ ಓರೆಯಲ್ಲಿ ಸುಮಾರು ಇಪ್ಪತ್ತು ಕಟ್ಟಡಗಳು ಅಲ್ಲಲ್ಲಿ ಹರಡಿಕೊಂಡಿವೆ. ಜಾರ್ಜ್ ನಕಾಶಿಮಾ ಎಂಬ ಬಡಗಿ ತಮ್ಮ ಬಾಳನ್ನು ಎರಡನೆಯ ಸಲ ಕಟ್ಟಿಕೊಂಡ ಸ್ಥಳವಿದು.

ಅವರೇನೂ ಹುಟ್ಟಿನಿಂದ ಬಡಗಿಯಲ್ಲ. 1905ರಲ್ಲಿ ಸ್ಪೋಕೇನ್ ಪಟ್ಟಣದ ಜಪಾನೀ ಕುಟುಂಬವೊಂದರಲ್ಲಿ ಜನಿಸಿ, ವಾಸ್ತುಶಿಲ್ಪವನ್ನು ಅಭ್ಯಾಸ ಮಾಡಿ, ಟೋಕಿಯೋದಲ್ಲಿ ಆಂಟೋನಿನ್ ರೇಮಂಡರ ಕಚೇರಿಯನ್ನು ಸೇರಿದವರು. ಆ ಕಚೇರಿಯ ಪರವಾಗಿಯೇ ಪಾಂಡಿಚೇರಿಗೆ ಬಂದು ಅರವಿಂದಾಶ್ರಮದ ‘ಗೋಲ್ಕೊಂಡ’ ವಸತಿಗೃಹದ ನಿರ್ಮಾಣವನ್ನು ನೋಡಿಕೊಂಡರು. ಶ್ರೀ ಅರವಿಂದರು ಅವರಿಗೆ ‘ಸುಂದರಾನಂದ’ ಎಂದು ನಾಮಕರಣ ಮಾಡಿದರು. ಕೈಗೆಲಸವೂ ಒಂದು ಸಾಧನೆಯೆಂಬ ಅರಿವು ಅವರಿಗೆ ಅಲ್ಲಿ ದೊರೆಯಿತು.

ಸ್ವದೇಶಕ್ಕೆ ಮರಳಿ ಸಿಯಾಟಲ್ ನಗರದಲ್ಲಿ ಮರಗೆಲಸವನ್ನು ಆರಂಭಿಸಿದರು. ಅಷ್ಟರಲ್ಲಿ ಯುದ್ಧ ಬಂದಿತು. 1942ರಲ್ಲಿ ಜಪಾನೀ ಮೂಲದ ಸುಮಾರು 1,20,000 ಜನರನ್ನು ಅಮೆರಿಕದ ಸರ್ಕಾರ ಶಿಬಿರಗಳಿಗೆ ಅಟ್ಟಿತು. ಅವರಲ್ಲಿ ಬಹುಪಾಲು ಜನ ಆ ದೇಶದ ಪ್ರಜೆಗಳೇ ಆಗಿದ್ದರು. ಪತ್ನಿ ಮೇರಿಯನ್, ಹಸುಗೂಸು ಮೀರಾ ಇವರೊಡನೆ ನಕಾಶಿಮಾ ಐಡಾಹೋದ ಮಿನಿಡೋಕಾ ಶಿಬಿರವನ್ನು ಸೇರಬೇಕಾಯಿತು. ಅಲ್ಲಿ ಅವರಿಗೊಬ್ಬ ಗುರು ದೊರೆತದ್ದು ವಿಧಿಯ ವಿಚಿತ್ರ. ಜಪಾನಿನ ಪರಂಪರೆಯಲ್ಲಿ ಪಳಗಿದ ಬಡಗಿ ಗೆಂಟಾರೋ ಹಿಕೊಗಾವಾ ಅವರಿಗೆ ಉಳಿ, ಗರಗಸ, ಕೀಸುಳಿಗಳನ್ನು ಹಿಡಿಯುವ ಶಿಸ್ತನ್ನು ಕಲಿಸಿಕೊಟ್ಟರು. ಕೈಗೆ ಸಿಕ್ಕ ಚೂರುಮರಗಳೇ ಆ ಪಾಠಕ್ಕೆ ಸಾಮಗ್ರಿಯಾದವು.

ರೇಮಂಡರ ನೆರವಿನಿಂದ 1943ರಲ್ಲಿ ಬಿಡುಗಡೆಯಾಯಿತು. ನ್ಯೂ ಹೋಪಿನಲ್ಲಿದ್ದ ಅವರ ಜಮೀನಿಗೆ ಬಂದು, ವಾಸ್ತುಶಿಲ್ಪಿಯಾದ ನಕಾಶಿಮಾ ಕೋಳಿ ಸಾಕುವ ಕೆಲಸಕ್ಕೆ ನಿಂತರು. ಸ್ವಂತ ನೆಲ ಬೇಕೆನಿಸಿದಾಗ ಕೈಯಲ್ಲಿ ಹಣವಿರಲಿಲ್ಲ. ದುಡಿಮೆಯನ್ನೇ ಬೆಲೆಯಾಗಿ ಕೊಟ್ಟು ಮೂರು ಎಕರೆ ನೆಲವನ್ನು ಪಡೆದರು. 1946ರಲ್ಲಿ ಆ ಇಳಿಜಾರಿನ ಮೇಲೆ ಮೊದಲು ಎದ್ದದ್ದು ಕಾರ್ಯಶಾಲೆ. ಹೆಂಡತಿ ಮಕ್ಕಳು ಇರುವ ಮನೆಯ ಸರದಿ ಆಮೇಲೆ. ಲೋಕದ ಕಣ್ಣಿಗೆ ಇದು ವಿಪರೀತವೆನಿಸಬಹುದು. ಆದರೆ ಮನೆಯನ್ನು ಸಲಹಬೇಕಾದ ಅನ್ನ ಹುಟ್ಟುವುದು ಕಾರ್ಯಶಾಲೆಯಲ್ಲಿ ತಾನೆ? ಒಮ್ಮೆ ಎಲ್ಲವನ್ನೂ ಬಿಟ್ಟು ಹೊರಟವನಿಗೆ ಈ ಸತ್ಯವನ್ನು ಬೇರೆಯವರು ಹೇಳಬೇಕಾಗಿರಲಿಲ್ಲ.

ಆ ಕಾರ್ಯಶಾಲೆಯಲ್ಲಿ ಅಕ್ರೋಟಿನ ದೊಡ್ಡ ಹಲಗೆಗಳು ಮೇಜುಗಳಾದವು. ಹಲಗೆಯ ಅಂಕುಡೊಂಕಾದ ಅಂಚನ್ನು ಅವರು ಕತ್ತರಿಸಿ ನೇರ ಮಾಡಲಿಲ್ಲ. ಗಂಟುಗಳನ್ನು ಮುಚ್ಚಲಿಲ್ಲ. ಬಿರುಕು ಕಂಡಲ್ಲಿ ಅದನ್ನು ಮರೆಮಾಡದೆ, ಚಿಟ್ಟೆಯಾಕಾರದ ಮರದ ಬೆಣೆಯನ್ನು ಕೂರಿಸಿ ಬಿಗಿದರು. ಗಾಯವೂ ಕಾಣಬೇಕು, ಅದನ್ನು ಹಿಡಿದು ನಿಲ್ಲಿಸಿದ ಕೈಯೂ ಕಾಣಬೇಕು. ಇದು ಅವರ ಕೆಲಸದ ರೀತಿ.

ಒಂದು ಕಾರ್ಯಶಾಲೆ ಕಟ್ಟಿದ ಮೇಲೂ ಆ ಗುಡ್ಡದಲ್ಲಿ ಕಟ್ಟುವ ಕೆಲಸ ಮುಗಿಯಲಿಲ್ಲ. ಹಲಗೆ ಒಣಗಿಸುವ ಕೊಟ್ಟಿಗೆ ಬಂದಿತು. ಗಳಿಕೆ ಕೂಡಿದಂತೆ ಹೊಸ ಕಟ್ಟಡಗಳು ಎದ್ದವು. 1957ರಿಂದ 1960ರವರೆಗೆ ಕಟ್ಟಿದ ‘ಕೊನಾಯ್ಡ್’ ಶಾಲೆಯ ಕಾಂಕ್ರೀಟ್ ಮಾಡು ಚಿಪ್ಪಿನಂತೆ ತೆಳುವಾಗಿ, ಅಲೆಯಲೆಯಾಗಿ ಬಾಗಿದೆ. 1964ರಲ್ಲಿ ನಕಾಶಿಮಾ ಮತ್ತೆ ಭಾರತಕ್ಕೆ ಬಂದು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಪೀಠೋಪಕರಣಗಳನ್ನು ರೂಪಿಸಿದರು.

1990ರಲ್ಲಿ ಅವರು ತೀರಿಕೊಂಡರು. ಶಿಬಿರಕ್ಕೆ ಹಸುಗೂಸಾಗಿ ಹೋಗಿದ್ದ ಮೀರಾ ತಂದೆಯ ಕೆಲಸದ ಹೊಣೆಯನ್ನು ಹೊತ್ತರು. 2014ರಲ್ಲಿ ಅಮೆರಿಕದ ಸರ್ಕಾರ ಈ ಸ್ಥಳವನ್ನು ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತೆಂದು ಸಾರಿತು. ಯಾವ ಸರ್ಕಾರ 1942ರಲ್ಲಿ ಅವರನ್ನು ಶಿಬಿರಕ್ಕೆ ಅಟ್ಟಿತ್ತೋ, ಅದೇ ಸರ್ಕಾರ ಇಂದು ಅವರು ಕಟ್ಟಿದ ನೆಲೆಯನ್ನು ನಾಡಿನ ಆಸ್ತಿಯೆಂದು ಎಣಿಸುತ್ತದೆ.